ಕಾಯಿ ಕೇಳುವವನ ಹೆಂಡತಿಯ ಕತ್ತು

ಬಿಳಿಗೆರೆಯಲ್ಲಿ ಶಂಭುಲಿಂಗಯ್ಯನ ಬಲಗಿವಿಗೆ ಇದ್ದ ಗೌರವ ಅವನ ಮಿಕ್ಕ ಯಾವ ಅಂಗಕ್ಕೂ ಇರಲಿಲ್ಲ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಲು ಬಿಟ್ಟ ತೆಂಗಿನಕಾಯಿಯನ್ನು ಬಲಗೈಯಲ್ಲಿ ಎತ್ತಿ, ತಲೆಯನ್ನು ಬಲಭುಜದ ಮೇಲೆ ವಾಲಿಸಿ, ಕಾಯಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಅವನು ಮೂರು ಸಲ ಅಲ್ಲಾಡಿಸುತ್ತಿದ್ದ. ಒಳಗೆ ನೀರಿದ್ದರೆ ಗುಳುಗುಳು ಅನ್ನುತ್ತದೆ. ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಗಡಗಡ ಅನ್ನುತ್ತದೆ. ಇದು ತಿಪಟೂರು ಸೀಮೆಯ ಐದು ವರ್ಷದ ಮಕ್ಕಳಿಗೂ ಗೊತ್ತಿರುವ ವಿಷಯ. ಆದರೆ ಆ ಮಕ್ಕಳು ಕಣ್ಣು ಮುಚ್ಚುವುದಿಲ್ಲ. ಶಂಭುಲಿಂಗಯ್ಯ ಮುಚ್ಚುತ್ತಿದ್ದ, ಅದರಿಂದಾಗಿ ಜನ ಅದನ್ನು ಒಂದು ವಿದ್ಯೆ ಎಂದು ತಿಳಿದಿದ್ದರು. ಯಾರ ಮನೆಯಲ್ಲಿ ಅಟ್ಟದಿಂದ ಕಾಯಿ ಇಳಿಸುವುದಿದ್ದರೂ ಅವನಿಗೆ ಹೇಳಿ ಕಳಿಸುತ್ತಿದ್ದರು.

ಅವನ ಹೆಂಡತಿ ದ್ರಾಕ್ಷಾಯಣಮ್ಮನಿಗೆ ಈ ವಿದ್ಯೆಯ ಬಗ್ಗೆ ಒಂದು ಅಭಿಪ್ರಾಯವಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಏಕೆಂದರೆ ಯಾರೂ ಕೇಳಿರಲಿಲ್ಲ. ಅಟ್ಟ ಗುಡಿಸಲು ಹತ್ತಿದಾಗಲೆಲ್ಲ ಅವಳು ಕಾಯಿಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ಕುಲುಕಿ, ಒಣಗಿದ್ದನ್ನು ಏಣಿಯ ಹತ್ತಿರದ ಸಾಲಿಗೆ ಸರಿಸಿ ಇಡುತ್ತಿದ್ದಳು. ಶಂಭುಲಿಂಗಯ್ಯ ಯಾವಾಗಲೂ ಏಣಿಯ ಹತ್ತಿರದ ಸಾಲಿನಿಂದಲೇ ಶುರು ಮಾಡುತ್ತಿದ್ದ. ಇಪ್ಪತ್ತೆಂಟು ವರ್ಷ ತನ್ನ ಮನೆಯ ಅಟ್ಟದಲ್ಲಿ ತಾನು ಒಂದು ಕಾಯಿಯನ್ನೂ ತಪ್ಪು ಹೇಳಿಲ್ಲವೇಕೆ ಎಂಬ ಪ್ರಶ್ನೆ ಅವನಿಗೆ ಹುಟ್ಟಲೇ ಇಲ್ಲ. ಬೇರೆಯವರ ಅಟ್ಟದಲ್ಲಿ ಅನುಮಾನ ಬಂದರೆ, "ಇನ್ನೊಂದು ವಾರ ಬುಡ್ರಪ್ಪ, ಕಾಯಿ ಇನ್ನೂ ಮಾತಾಡ್ತಿಲ್ಲ" ಎಂದು ಕಾಫಿ ಕುಡಿದು ಬರುತ್ತಿದ್ದ. ಒಂದು ವಾರ ಬಿಟ್ಟರೆ ಯಾವ ಕಾಯಿಯಾದರೂ ಇನ್ನಷ್ಟು ಒಣಗುತ್ತದೆ. ಇದಕ್ಕೂ ಕಿವಿಯನ್ನೇ ಹೊಗಳುತ್ತಿದ್ದರು.

ದ್ರಾಕ್ಷಾಯಣಮ್ಮ ಶೆಟ್ಟಿಕೆರೆಯ ಹುಡುಗಿ. ನಾಲ್ಕನೇ ಕ್ಲಾಸಿನವರೆಗೆ ಓದಿದ್ದಳು. ಎಂಟನೇ ವರ್ಷಕ್ಕೆ ಅವಳ ತಲೆಯ ಮೇಲೆ ಮೊದಲ ಕೊಡ ಕೂತಿತು. ಅಲ್ಲಿಂದ ಮುಂದೆ ಆ ತಲೆ ಬಿಡುವಾಗಿ ಇದ್ದದ್ದು ಕಡಿಮೆ. ಹದಿನೇಳಕ್ಕೆ ಮದುವೆಯಾಗಿ ಬಿಳಿಗೆರೆಗೆ ಬಂದ ಮೇಲೆ ನೀರಿನ ಜೊತೆಗೆ ಗೊಬ್ಬರದ ಮಂಕರಿ, ಹುಲ್ಲಿನ ಹೊರೆ, ತೋಟದಿಂದ ಬರುವ ಕಾಯಿಯ ಮಂಕರಿ ಎಲ್ಲವೂ ಅಲ್ಲೇ ಕೂರುತ್ತಿದ್ದವು. ತಲೆ ಖಾಲಿಯಿದ್ದಾಗ ನೆಲದ ಮೇಲೆ ಕೂತು, ಗದ್ದ ಎದೆಗೆ ಒತ್ತಿಕೊಂಡು, ಸುಲಿದ ಕಾಯಿಯ ಚಿಪ್ಪನ್ನು ಮಚ್ಚಿನ ಬೆನ್ನಿನಿಂದ ತಟ್ಟಿ ತಟ್ಟಿ ಬಿಡಿಸಬೇಕಿತ್ತು. ಒಳಗಿನ ಕೊಬ್ಬರಿ ಉಂಡೆಯಾಗಿಯೇ ಹೊರಗೆ ಬರಬೇಕು, ಒಡೆಯಬಾರದು. ಅದು ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸವಲ್ಲ. ಆದ್ದರಿಂದ ಅದನ್ನು ಯಾರೂ ವಿದ್ಯೆ ಎನ್ನುತ್ತಿರಲಿಲ್ಲ.

ಇದೇ ಕೆಲಸ ಮಾಡಿ ಮಾಡಿ ಅವಳ ಅತ್ತೆ ಗುರುಸಿದ್ದಮ್ಮ ಏನಾದಳೆಂದು ಅವಳು ಕಣ್ಣಾರೆ ನೋಡಿದ್ದಳು. ಕೊನೆಯ ಹತ್ತು ವರ್ಷ ಆ ಮುದುಕಿಯ ತಲೆ ಎದೆಯ ಮೇಲೆ ಬಿದ್ದಿತ್ತು. ಬಲಗೈಗೆ ಊಟದ ತುತ್ತು ಹಿಡಿಯುವ ಶಕ್ತಿ ಇರಲಿಲ್ಲ. ತಾನೇ ನೀರು ಹೊತ್ತು ಬೆಳೆಸಿದ ತೆಂಗಿನಮರದ ಗೊನೆ ಹೇಗಿದೆ ಎಂದು ಸೊಸೆಯನ್ನು ಕೇಳಿ ತಿಳಿಯಬೇಕಿತ್ತು. ಅವಳಿಗೆ ಕಾಣುತ್ತಿದ್ದುದು ತನ್ನ ಪಾದ ಮತ್ತು ಮರದ ಬುಡ. "ವಯಸ್ಸಾಯ್ತಲ್ಲ" ಎಂದು ಮನೆಯ ಗಂಡಸರು ಒಂದೇ ಮಾತಿನಲ್ಲಿ ಮುಗಿಸಿದರು. ಅದೇ ವಯಸ್ಸಿನ ಗುರುಸಿದ್ದಮ್ಮನ ಗಂಡ ಹಗ್ಗದ ಮಂಚದ ಮೇಲೆ ನೆಟ್ಟಗೆ ಕೂತು, ಊರಿನವರ ತಪ್ಪುಗಳನ್ನು ಎತ್ತಿ ಆಡುತ್ತಿದ್ದ.

ಸಾವಿರದ ಒಂಬೈನೂರ ಎಂಬತ್ತೆರಡನೇ ಇಸವಿ, ಶಿವರಾತ್ರಿ ಕಳೆದ ಮೇಲೆ, ದ್ರಾಕ್ಷಾಯಣಮ್ಮನ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಇರುವೆ ಹರಿದಂತೆ ಜೋಮು ಹಿಡಿಯಲು ಶುರುವಾಯಿತು. ಕತ್ತಿನಿಂದ ಹೆಗಲಿಗೆ, ಹೆಗಲಿನಿಂದ ಮೊಣಕೈಗೆ ಒಂದು ಎಳೆತ. ಒಂದು ದಿನ ಮಚ್ಚು ಕೈಯಿಂದ ಜಾರಿ ಕಾಲಿನ ಪಕ್ಕ ಬಿತ್ತು. ಅತ್ತೆಯ ಕೈಯಿಂದಲೂ ಶುರುವಿನಲ್ಲಿ ಹೀಗೇ ಮಚ್ಚು ಜಾರುತ್ತಿತ್ತೆಂಬುದು ಅವಳಿಗೆ ನೆನಪಾಯಿತು. ಗಂಡನಿಗೆ ಹೇಳಿದಳು.

"ಕತ್ತು ನೋಯ್ತದೆ ಕಣ್ರೀ. ಕೈಯೆಲ್ಲಾ ಜೋಮು."

"ನಿಂಗ್ಯಾಕೆ ಬತ್ತದೆ ಕತ್ತು ನೋವು?" ಶಂಭುಲಿಂಗಯ್ಯ ನಿಜವಾಗಿಯೂ ಆಶ್ಚರ್ಯಪಟ್ಟ. "ನೀನೇನು ಕಾಯಿ ಕೇಳ್ತೀಯಾ?"

ಅವಳು ಮಚ್ಚು ಎತ್ತಿಕೊಂಡು ಕೆಲಸಕ್ಕೆ ಕೂತಳು.

ಮುಂದಿನ ವಾರವೇ ಶಂಭುಲಿಂಗಯ್ಯನ ಕತ್ತು ಹಿಡಿದುಕೊಂಡಿತು. ಬೆಳಿಗ್ಗೆ ಏಳಲು ಹೋದರೆ ತಲೆ ಬಲಕ್ಕೆ ವಾಲಿದ್ದು ವಾಲಿದಂತೆಯೇ ನಿಂತಿತ್ತು. ಕಿರುಚಿದ ಕಿರುಚಾಟಕ್ಕೆ ಕೊಟ್ಟಿಗೆಯ ಹಸು ಹಗ್ಗ ಹರಿದುಕೊಂಡಿತು. ಹತ್ತು ಗಂಟೆಯ ಹೊತ್ತಿಗೆ ಅರ್ಧ ಊರು ಜಗುಲಿಯಲ್ಲಿತ್ತು. "ಪಾಪ, ಎಷ್ಟು ಕಾಯಿ ಕೇಳಿದ ಕತ್ತದು" ಎಂದು ಒಬ್ಬ ಹೇಳಿದ. ಆ ಮಾತು ಶಂಭುಲಿಂಗಯ್ಯನಿಗೆ ಎಷ್ಟು ಹಿಡಿಸಿತೆಂದರೆ, ಬಂದವರಿಗೆಲ್ಲ ತಾನೇ ಅದನ್ನು ಹೇಳತೊಡಗಿದ. ಮಧ್ಯಾಹ್ನದೊಳಗೆ ಅದು ಬರೀ ನೋವಾಗಿರದೆ ಒಂದು ಸಾಧನೆಯಾಗಿತ್ತು.

ಉಳುಕು ತೆಗೆಯುವ ಕೆಂಚಯ್ಯನನ್ನು ಕರೆಸಿದರು. ಕೆಂಚಯ್ಯ ಎತ್ತಿನ ಮೂಳೆ, ಮನುಷ್ಯರ ಮೂಳೆ ಎಂದು ಭೇದ ಮಾಡುತ್ತಿರಲಿಲ್ಲ. ಹರಳೆಣ್ಣೆ ಸುರಿದ, ಬೆನ್ನಿಗೆ ಮಂಡಿ ಕೊಟ್ಟ, ಗದ್ದಕ್ಕೆ ಒಂದು ಕೈ ತಲೆಗೆ ಒಂದು ಕೈ ಹಾಕಿ ಲಟಕ್ಕನೆ ತಿರುಗಿಸಿದ. ಶಂಭುಲಿಂಗಯ್ಯನ ಬಾಯಿಂದ ಸದ್ದು ಕೂಡ ಹೊರಡಲಿಲ್ಲ. ಕಣ್ಣಿನಿಂದ ನೀರು ಮಾತ್ರ ಬಂತು.

"ನರ ಕೂತ್ಕಂತು ಬುಡಿ ಯಜಮಾನ್ರೇ. ಇನ್ ಮೂರು ದಿನ ನೋಡಿ" ಎಂದು ಕೆಂಚಯ್ಯ ಎಲೆ ಅಡಿಕೆ ತಟ್ಟೆಗೆ ಕೈ ಹಾಕಿದ.

ಮೂರು ದಿನ ನೋಡಿದರು. ಈಗ ಅವನ ಬಲಗೈಗೂ ಜೋಮು ಬಂತು. ಕೆಂಚಯ್ಯನ ಪ್ರಕಾರ ಅದು ಕೆಟ್ಟ ಗಾಳಿ ಬೆರಳಿನಿಂದ ಹೊರಗೆ ಹೋಗುವ ಲಕ್ಷಣ. ಬೆರಳಿನಿಂದ ಹೋಗುವಷ್ಟು ತೆಳ್ಳಗಿನ ಗಾಳಿ ಅಷ್ಟು ದಪ್ಪ ಕತ್ತನ್ನು ಹೇಗೆ ಹಿಡಿಯಿತೋ ಎಂದು ದ್ರಾಕ್ಷಾಯಣಮ್ಮ ಯೋಚಿಸಿದಳು. ಕೇಳುವ ಗೋಜಿಗೆ ಹೋಗಲಿಲ್ಲ.

ಕೊನೆಗೆ ತಿಪಟೂರಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ರೈಲಿನಲ್ಲಿ ತುಮಕೂರಿನ ಆಸ್ಪತ್ರೆಗೆ ಹೋದರು. ಡಾಕ್ಟರು ಎಕ್ಸ್-ರೇ ತೆಗೆಸಿ, ಕತ್ತಿನ ಮೂಳೆಗಳ ನಡುವೆ ಸವೆತ ಇದೆ, ಆಪರೇಷನ್ ಏನೂ ಬೇಡ, ಫಿಜಿಯೋಥೆರಪಿ ಮಾಡಿಸಿ ಎಂದು ಕೊನೆಯ ಕೋಣೆಗೆ ಕಳಿಸಿದರು. ಅಲ್ಲಿದ್ದವನು ಗಂಗಯ್ಯ, ತುರುವೇಕೆರೆ ಕಡೆಯವನು, ಮೂವತ್ತು ವರ್ಷದ ಸಣಕಲು ಮನುಷ್ಯ. ಅವನು ಶಂಭುಲಿಂಗಯ್ಯನ ಹಿಂದೆ ನಿಂತು ಒಂದು ನಿಮಿಷ ನೋಡಿದ.

"ತಾವು ಕಾಯಿ ಕೇಳ್ತೀರಾ?"

ಶಂಭುಲಿಂಗಯ್ಯನ ಮುಖ ಅರಳಿತು. "ಹೂಂ ಕಣಪ್ಪ! ಹೆಂಗೆ ಗೊತ್ತಾಯ್ತು? ತುಮಕೂರಿಗೂ ಹೆಸ್ರು ಬಂದೈತಾ?"

"ಹೆಸರಲ್ಲ ಸ್ವಾಮಿ, ನಿಮ್ಮ ಕತ್ತು ಹೇಳ್ತದೆ. ಬಲಗಡೆ ಗಿಡ್ಡಾಗಿದೆ. ಇನ್ಮೇಲೆ ಕಿವಿಗೆ ಹಿಡೀಬೇಡಿ. ಎದೆ ಮುಂದೆ ಹಿಡಿದು, ಕತ್ತು ನೆಟ್ಟಗೆ ಇಟ್ಕೊಂಡು ಅಲ್ಲಾಡಿಸಿ. ಒಳಗಿನ ಉಂಡೆ ತಾಗೋದು ಅಂಗೈಗೇ ತಿಳೀತದೆ."

"ಅಂಗೈನಾಗೆ ಕೇಳಕ್ಕೆ ನಾನೇನ್ ಕಿವುಡ್ನೇನಯ್ಯಾ?"

ದ್ರಾಕ್ಷಾಯಣಮ್ಮ ಗಂಗಯ್ಯನನ್ನು ಮೊದಲ ಸಲ ಸರಿಯಾಗಿ ನೋಡಿದಳು. ತಾನು ಅಟ್ಟದಲ್ಲಿ ಮಾಡುತ್ತಿದ್ದುದನ್ನು ಈ ಸಣಕಲು ಮನುಷ್ಯ ಅಚ್ಚುಕಟ್ಟಾಗಿ ಹೇಳಿಬಿಟ್ಟಿದ್ದ. ಗಂಡಸರಲ್ಲಿಯೂ ಇಂಥವರು ಇರುತ್ತಾರೆಂದು ಅವಳು ಅಂದುಕೊಂಡಿರಲಿಲ್ಲ.

ಗದ್ದಕ್ಕೆ ಪಟ್ಟಿ ಕಟ್ಟಿ, ರಾಟೆಯ ಮೇಲೆ ಹಗ್ಗ ಹಾಯಿಸಿ, ತೂಕ ಬಿಟ್ಟು ಕತ್ತು ಎಳೆಸಿದರು. ಶಂಭುಲಿಂಗಯ್ಯ ಮಾರಲು ತಂದ ಕರುವಿನಂತೆ ಕೂತಿದ್ದ. ಅವನು ಹಾಗೆ ಕೂತಿರುವಾಗಲೇ ಗಂಗಯ್ಯ ಮನೆಯಲ್ಲಿ ಮಾಡಬೇಕಾದ್ದನ್ನು ತೋರಿಸಿದ. ಗೋಡೆಗೆ ಬೆನ್ನು ಕೊಟ್ಟು ನಿಂತು, ಮುಖ ಎತ್ತದೆ ಇಳಿಸದೆ, ಗದ್ದವನ್ನು ಹಿಂದಕ್ಕೆ ಎಳೆದುಕೊಳ್ಳುವುದು. ಐದು ಎಣಿಸಿ ಬಿಡುವುದು. ಹಣೆಗೆ ಅಂಗೈ ಒತ್ತಿ, ತಲೆಯಿಂದ ಅಂಗೈಯನ್ನು ತಳ್ಳುವುದು, ಎರಡೂ ಅಲುಗಬಾರದು. ಹಾಗೆಯೇ ಎಡಕ್ಕೆ, ಬಲಕ್ಕೆ, ಹಿಂದಕ್ಕೆ. ಬೆನ್ನಿನ ರೆಕ್ಕೆಮೂಳೆಗಳೆರಡನ್ನೂ ಒಂದಕ್ಕೊಂದು ಹತ್ತಿರ ತರುವುದು. ಬಿಸಿನೀರಿನಲ್ಲಿ ಹಿಂಡಿದ ಟವೆಲಿನ ಶಾಖ. ಒಂದೇ ತೆಳ್ಳನೆಯ ದಿಂಬು. ಅರ್ಧ ಗಂಟೆಗಿಂತ ಹೆಚ್ಚು ತಲೆ ಬಗ್ಗಿಸಿ ಕೂರಬಾರದು. ತಲೆಯ ಮೇಲೆ ಹೊರೆ ಹೊರಬಾರದು.

"ಯಾರ ಕೈಲೂ ತಿರುಗಿಸ್ಕೋಬೇಡಿ" ಎಂದು, ಕೆಂಚಯ್ಯನ ತಿರುವಿನ ಕತೆ ಕೇಳಿದ್ದ ಗಂಗಯ್ಯ ದನಿ ತಗ್ಗಿಸಿ ಹೇಳಿದ. "ಇನ್ನೊಂದು ಸಲ ಹಂಗೆ ಲಟಕ್ ಅನ್ಸಿದ್ರೆ ಕೈಕಾಲು ಬಿದ್ದೋಗಬೌದು. ಕೈ ಸೋಲ್ತಾ ಹೋದ್ರೆ, ನಡಿಗೆ ತಪ್ಪಿದ್ರೆ ತಕ್ಷಣ ಇಲ್ಲಿಗೆ ಬನ್ನಿ. ಅಮ್ಮಾ, ನೀವು ಕಲೀರಿ. ಮನೇಲಿ ಜೊತೆಗೆ ನಿಂತು ಮಾಡಿಸ್ಬೇಕು."

ಅವಳು ಗೋಡೆಗೆ ಬೆನ್ನು ಕೊಟ್ಟಳು. ಗದ್ದ ಹಿಂದಕ್ಕೆ ಎಳೆದಾಗ ಹೆಗಲಿನ ತನಕ ಒಂದು ಸೆಳೆತ ಹೊರಟಿತು, ತುಟಿ ಕಚ್ಚಿದಳು. ಗಂಗಯ್ಯನಿಗೆ ಅದು ಕಂಡಿತು. ತನ್ನ ಎರಡು ಬೆರಳುಗಳನ್ನು ಚಾಚಿ, "ಬಲಗೈಲಿ ಗಟ್ಟಿಯಾಗಿ ಹಿಡೀರಿ" ಅಂದ. ಹಿಡಿದಳು. ಅವನು ಸುಲಭವಾಗಿ ಬಿಡಿಸಿಕೊಂಡ.

"ನಿಮಗೂ ಇದೆಯಲ್ಲಮ್ಮಾ! ಎಷ್ಟು ದಿನದಿಂದ?"

"ಅವಳಿಗೆಂಥದೂ ಇಲ್ಲ, ಗುಂಡ್ಕಲ್ಲಿನಂಗವಳೆ" ಎಂದ ಶಂಭುಲಿಂಗಯ್ಯ, ಪಟ್ಟಿಯೊಳಗಿನಿಂದ.

ಗಂಗಯ್ಯ ಅವನ ಕಡೆ ನೋಡಲಿಲ್ಲ. ಒಳಗಿನ ಡಾಕ್ಟರಿಗೆ ಅವಳನ್ನೂ ತೋರಿಸಿದ. ಡಾಕ್ಟರು ಕೈ ಹಿಡಿದು, ಮೊಣಕೈ ತಟ್ಟಿ ನೋಡಿ, ಅದೇ ವ್ಯಾಯಾಮ ಸಾಕು, ಆದರೆ ಒಂದು ದಿನವೂ ತಪ್ಪಬಾರದು, ಒಂದೂವರೆ ತಿಂಗಳಾದರೂ ಬೇಕು ಎಂದರು. ಗಂಗಯ್ಯ ಚಿತ್ರ ಬರೆದ ಕಾಗದವೊಂದನ್ನು ಅವಳ ಕೈಗೇ ಕೊಟ್ಟ.

ಊರಿಗೆ ಬಂದ ಮೇಲೆ ಶಂಭುಲಿಂಗಯ್ಯ ಆಸ್ಪತ್ರೆಯವರು ಕೊಟ್ಟ ಕತ್ತಿನ ಕಾಲರನ್ನು ಹಾರ ಹಾಕಿಸಿಕೊಂಡವನಂತೆ ಧರಿಸಿ ಬಸ್ ಸ್ಟ್ಯಾಂಡಿನವರೆಗೂ ಹೋಗಿ ಬರುತ್ತಿದ್ದ. ಯಾರಾದರೂ ಕಾಯಿ ಕೇಳಲು ಕರೆದರೆ ಅದನ್ನು ಬಿಚ್ಚಿ ಬಗಲಲ್ಲಿ ಇಟ್ಟುಕೊಂಡು ಎಂದಿನಂತೆ ವಾಲುತ್ತಿದ್ದ. ವ್ಯಾಯಾಮಕ್ಕೆ ಕರೆದಾಗ ಅವನಿಗೆ ರೇಗಿತು.

"ಗಂಡ್ಸಾದೋನು ಗೋಡೆಗೆ ಒರಗಿ ಗದ್ದ ಒಳಕ್ಕೆಳ್ಕಂಡು ಕುಣೀಬೇಕೇನೇ? ಊರೋರು ನೋಡಿದ್ರೆ ಏನಂದಾರು?"

"ಬ್ಯಾಡ ಬುಡಿ" ಎಂದಳು ದ್ರಾಕ್ಷಾಯಣಮ್ಮ. ಎರಡನೇ ಸಲ ಕರೆಯಲಿಲ್ಲ. ಬುದ್ಧಿಯಿಲ್ಲದವರಿಗೆ ಬುದ್ಧಿ ಹೇಳುವುದಕ್ಕೆ ಒಂದೂವರೆ ತಿಂಗಳು ಸಾಲದು. ಅವಳಿಗೆ ಇದ್ದದ್ದು ಅಷ್ಟೇ.

ಬೆಳಿಗ್ಗೆ ಹಾಲು ಕರೆದ ಮೇಲೆ, ಸಂಜೆ ದೀಪ ಹಚ್ಚುವ ಮೊದಲು, ಕೊಟ್ಟಿಗೆಯ ಹಿಂದಿನ ಗೋಡೆಗೆ ಬೆನ್ನು ಕೊಟ್ಟು ಅವಳು ಎಣಿಸುತ್ತಿದ್ದಳು. ನಾಲ್ಕನೆಯ ದಿನ ಪಕ್ಕದ ಮನೆಯ ಹುಚ್ಚಕ್ಕ ಬೇಲಿಯ ಸಂದಿಯಿಂದ ನೋಡಿದಳು. ದ್ರಾಕ್ಷಾಯಣಮ್ಮ ಅಂಗೈಯಿಂದ ತನ್ನ ಹಣೆಯನ್ನು ತಾನೇ ತಳ್ಳುತ್ತ, ಕಣ್ಣು ಬಿಟ್ಟುಕೊಂಡು, ತುಟಿ ಅಲ್ಲಾಡಿಸುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ, ಅವಳಿಗೆ ಗಾಳಿ ಸೋಕಿದೆ, ಅತ್ತೆ ಗುರುಸಿದ್ದಮ್ಮನೇ ಮೈಮೇಲೆ ಬಂದಿದ್ದಾಳೆ ಎಂದು ಬೀದಿಗೆಲ್ಲ ಗೊತ್ತಾಯಿತು.

"ಅಕ್ಕಯ್ಯಾ, ಒಂದು ತಾಯತನಾದ್ರೂ ಕಟ್ಟುಸ್ಕಳೇ" ಎಂದು ಹುಚ್ಚಕ್ಕ ಬಾವಿಯ ಹತ್ತಿರ ಪಿಸುಗುಟ್ಟಿದಳು.

"ಎಲ್ಲಿಗೆ ಕಟ್ಟಲಿ? ಕತ್ತಿಗೋ, ನಿನ್ ಬಾಯಿಗೋ?"

ಆದರೆ ಬಾವಿಯ ಹತ್ತಿರ ಇನ್ನೊಂದು ಸಂಗತಿಯೂ ನಡೆಯಿತು. ದ್ರಾಕ್ಷಾಯಣಮ್ಮ ದೊಡ್ಡ ಕೊಡವನ್ನು ಮನೆಯಲ್ಲೇ ಬಿಟ್ಟು, ಎರಡು ಸಣ್ಣ ಬಿಂದಿಗೆ ತಂದಿದ್ದಳು. ಎರಡು ಕೈಯಲ್ಲಿ ಎರಡು ಹಿಡಿದು, ತಲೆಯ ಮೇಲೆ ಏನೂ ಇಲ್ಲದೆ ಊರ ನಡುವೆ ನಡೆದಳು. ನಾಲ್ಕು ಸಲ ಓಡಾಡಿದಳು. ತೋಟದಿಂದ ಕಾಯಿ ತರಲು ಗಾಡಿ ಹೂಡದಿದ್ದರೆ ಕಾಯಿ ತೋಟದಲ್ಲೇ ಇರಲಿ ಎಂದಳು. ಎರಡು ದಿನ ಇತ್ತು, ಮೂರನೆಯ ದಿನ ಶಂಭುಲಿಂಗಯ್ಯ ಗೊಣಗುತ್ತ ಗಾಡಿ ಹೂಡಿಸಿದ. ಚಿಪ್ಪು ಬಿಡಿಸುವುದಕ್ಕೆ ನೆಲ ಬಿಟ್ಟು ಮಣೆಯ ಮೇಲೆ ಕೂತಳು. ಹಳೆಯ ಒರಳನ್ನು ಬೋರಲು ಹಾಕಿ, ಅದರ ಮೇಲೆ ಗೋಣಿಚೀಲ ಮಡಿಸಿ, ಕಾಯಿಯನ್ನು ಎದೆಯ ಎತ್ತರಕ್ಕೆ ತಂದುಕೊಂಡಳು. ಇಪ್ಪತ್ತು ಕಾಯಿಗೊಮ್ಮೆ ಎದ್ದು ಬೆನ್ನಿನ ರೆಕ್ಕೆ ಹಿಂದಕ್ಕೆ ಎಳೆಯುತ್ತಿದ್ದಳು. ಶಂಭುಲಿಂಗಯ್ಯ ಅದನ್ನು ನೋಡಿ, "ಮಹಾರಾಣಿ ಸಿಂಹಾಸನ" ಎಂದು ಹೆಸರಿಟ್ಟ. ಅವಳು ಆ ಹೆಸರನ್ನೇ ಉಳಿಸಿಕೊಂಡಳು. "ಸಿಂಹಾಸನ ಮುಟ್ಟಬ್ಯಾಡಿ" ಎನ್ನುತ್ತಿದ್ದಳು.

ಮೊದಲ ಎರಡು ವಾರ ಏನೂ ಆಗಲಿಲ್ಲ. ಮೂರನೆಯ ವಾರ ನೋವು ಸ್ವಲ್ಪ ಹೆಚ್ಚಾದಂತೆಯೇ ಇತ್ತು. ಅತ್ತೆಯ ಮುಖ ಕಣ್ಣಿಗೆ ಬಂದು, ಎಣಿಸುವುದನ್ನು ಅರ್ಧಕ್ಕೆ ಬಿಟ್ಟು ಕೂತುಬಿಟ್ಟಳು. ಕಾಗದ ತೆಗೆದು ನೋಡಿದಳು. ಗದ್ದವನ್ನು ಹಿಂದಕ್ಕೆ ಎಳೆಯುವ ಬದಲು ಎದೆಗೆ ಇಳಿಸುತ್ತಿದ್ದಳು. ತಪ್ಪು ತನ್ನದೇ. ಅವಳ ತಿರಸ್ಕಾರದಲ್ಲಿ ಪಕ್ಷಪಾತವಿರಲಿಲ್ಲ. ತನಗೂ ಒಂದು ಪಾಲು ಹಾಕಿಕೊಂಡು, ಸರಿಮಾಡಿ ಮತ್ತೆ ಶುರು ಮಾಡಿದಳು. ಐದನೆಯ ವಾರದಲ್ಲಿ ಹೆಬ್ಬೆರಳಿನ ಇರುವೆಗಳು ಹೊರಟುಹೋದವು. ಆರನೆಯ ವಾರ ತೋಟದಲ್ಲಿ ನಿಂತು ತಲೆ ಎತ್ತಿದಾಗ ಬಾವಿಯ ಪಕ್ಕದ ಮರದ ತುದಿಯ ಗೊನೆ ಕಂಡಿತು. ಅದರಲ್ಲಿದ್ದ ಕಾಯಿಗಳನ್ನು ಎಣಿಸಿದಳು. ಹದಿನಾಲ್ಕು.

ಆ ವಾರವೇ ಊರಿನ ದೊಡ್ಡ ತೋಟದ ಮರುಳಪ್ಪನ ಮನೆಯಲ್ಲಿ ಅಟ್ಟದ ಕಾಯಿ ಇಳಿಸಿದರು. ಬುಧವಾರದ ಮಾರ್ಕೆಟ್ಟಿಗೆ ಕೊಬ್ಬರಿ ಹೋಗಬೇಕಿತ್ತು. ಕಾಯಿ ಕೇಳಲು ಶಂಭುಲಿಂಗಯ್ಯ, ಚಿಪ್ಪು ಬಿಡಿಸಲು ಹೆಂಗಸರು. ದ್ರಾಕ್ಷಾಯಣಮ್ಮನೂ ಹೋದಳು, ಮಣೆ ಹಿಡಿದುಕೊಂಡು.

ಶಂಭುಲಿಂಗಯ್ಯ ಕಾಲರು ಬಿಚ್ಚಿ, ಏಣಿ ಹತ್ತಿ, ಕಾಯಿ ಎತ್ತಿದ. ಅವನ ತಲೆ ಈಗ ಮೊದಲೇ ಬಲಕ್ಕೆ ವಾಲಿದ್ದರಿಂದ ವಾಲಿಸುವ ಶ್ರಮ ಉಳಿದಿತ್ತು. ಆದರೆ ಅಲ್ಲಾಡಿಸಿದೊಡನೆ ಕತ್ತಿನಿಂದ ಬೆರಳಿನವರೆಗೆ ಮಿಂಚು ಹೊಡೆಯಿತು. ಮೂರು ಸಲ ಅಲ್ಲಾಡಿಸುವವನು ಒಂದೇ ಸಲ ಅಲ್ಲಾಡಿಸಿದ. ಏನು ಕೇಳಿತೋ ಅವನಿಗೇ ಗೊತ್ತಾಗಲಿಲ್ಲ. ಕೆಳಗೆ ಮರುಳಪ್ಪ ನಿಂತಿದ್ದ. "ಆಗೈತೆ" ಎಂದು ಕೆಳಗೆ ಎಸೆದ. ಇನ್ನೊಂದು. "ಆಗೈತೆ." ಹೀಗೆ ಇಪ್ಪತ್ತು ಕಾಯಿ ಇಳಿದವು, ಸುಲಿದರು, ಹೆಂಗಸರ ಮುಂದೆ ಬಂದವು. ಹುಚ್ಚಕ್ಕ ಮೊದಲ ಚಿಪ್ಪಿಗೆ ಮಚ್ಚು ತಟ್ಟಿದಳು. ಬಿರುಕಿನಿಂದ ನೀರು ಚಿಮ್ಮಿ ಅವಳ ಸೀರೆಗೆ ಬಿತ್ತು. ಎರಡನೆಯದೂ ಹಾಗೇ. ಮೂರನೆಯದರಲ್ಲಿ ಕೊಬ್ಬರಿ ಚಿಪ್ಪಿಗೆ ಅಂಟಿಕೊಂಡು ಚೂರಾಯಿತು.

"ಏನಯ್ಯಾ ಶಂಭುಲಿಂಗ, ಕೊಬ್ರಿ ಕೇಳು ಅಂದ್ರೆ ಎಳನೀರು ಇಳುಸ್ತಿದೀಯಲ್ಲ!" ಎಂದ ಮರುಳಪ್ಪ.

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಶಂಭುಲಿಂಗಯ್ಯ ಅಟ್ಟದ ಅಂಚಿನಲ್ಲಿ ಕೂತು, ವಾಲಿದ ಮುಖದಿಂದ, ಕಾಯಿಯನ್ನೇ ಬೈದ. ಈ ವರ್ಷದ ಕಾಯಿಗೆ ಮಾತೇ ಸರಿಯಿಲ್ಲವಂತೆ.

ದ್ರಾಕ್ಷಾಯಣಮ್ಮ ಮಚ್ಚು ಇಟ್ಟು ಎದ್ದಳು. ಏಣಿ ಹತ್ತಿದಳು. ಕಾಯಿಯನ್ನು ಎರಡು ಕೈಯಲ್ಲಿ ಎದೆಯ ಮುಂದೆ ಹಿಡಿದು, ಕತ್ತು ನೆಟ್ಟಗಿಟ್ಟು, ಒಮ್ಮೆ ಕುಲುಕಿ ಅಂಗೈಯಲ್ಲಿ ತಿಳಿದುಕೊಂಡಳು. "ಇದಾಗೈತೆ. ಇದಾಗಿಲ್ಲ. ಇದಾಗಿಲ್ಲ. ಇದಾಗೈತೆ." ಕೆಳಗೆ ಹೋದ ಹತ್ತು ಕಾಯಿಯಲ್ಲಿ ಹತ್ತೂ ಉಂಡೆಯಾಗಿ ಹೊರಬಂದವು. ಮರುಳಪ್ಪ ಮೇಲೆ ನೋಡುತ್ತ ನಿಂತ.

"ಎಲ್ಲಾ ನನ್ ಹತ್ರಾನೇ ಕಲ್ತಿದ್ದು" ಎಂದ ಶಂಭುಲಿಂಗಯ್ಯ.

ಅವಳು ಮುಂದಿನ ಕಾಯಿ ಎತ್ತಿಕೊಂಡಳು.

ಮಾರನೆಯ ಬೆಳಿಗ್ಗೆ ಕೆಂಚಯ್ಯ ಎಣ್ಣೆಯ ಗಿಂಡಿ ಹಿಡಿದು ಅಂಗಳಕ್ಕೆ ಬಂದ. ಶಂಭುಲಿಂಗಯ್ಯನೇ ಹೇಳಿ ಕಳಿಸಿದ್ದ. ಬಲಗಡೆಯಿಂದ ತಿರುಗಿಸಿದ್ದು ಸ್ವಲ್ಪ ಹೆಚ್ಚಾಗಿದೆ, ಎಡಗಡೆಯಿಂದ ಒಂದು ತಿರುವು ಕೊಟ್ಟರೆ ಸಮ ಆಗುತ್ತದೆ ಎಂಬುದು ಇಬ್ಬರ ಲೆಕ್ಕಾಚಾರ. ಶಂಭುಲಿಂಗಯ್ಯ ಆಗಲೇ ಅಂಗಿ ಬಿಚ್ಚಿ ಚಾಪೆಯ ಮೇಲೆ ಕೂತಿದ್ದ. ದ್ರಾಕ್ಷಾಯಣಮ್ಮ ಬಂದು ಇಬ್ಬರ ನಡುವೆ ನಿಂತಳು.

"ಕೆಂಚಯ್ಯಾ, ಎತ್ತು ಕೊಟ್ಟಿಗೇಲಿ ಐತೆ. ಅದ್ಕೇನೂ ಆಗಿಲ್ಲ. ಹೊರಡು."

"ಅಲ್ಲ ಕಣವ್ವಾ, ಯಜಮಾನ್ರೇ ಬರೇಳಿ..."

"ಯಜಮಾನ್ರ ಕೈಕಾಲು ಬಿದ್ದೋದ್ರೆ ಎತ್ತಿ ಕೂರ್ಸಕ್ಕೆ ದಿನಾ ನೀನು ಬತ್ತೀಯಾ? ಉಣ್ಸಕ್ಕೆ ನೀನು ಬತ್ತೀಯಾ? ಬರಲ್ಲ. ನಾನೇ ಎತ್ಬೇಕು. ನನ್ ಕತ್ತು ಈಗ ತಾನೇ ನೆಟ್ಟಗಾಗೈತೆ, ಇವರನ್ನ ಹೊತ್ಕಂಡು ಕೆಡಿಸ್ಕಳಲ್ಲ. ಗಿಂಡಿ ತಗಂಡು ನಡಿ."

ಕೆಂಚಯ್ಯ ಗಿಂಡಿ ತೆಗೆದುಕೊಂಡ. ಹೋಗುವಾಗ ಎಲೆ ಅಡಿಕೆಯನ್ನೂ ತೆಗೆದುಕೊಂಡ. ಶಂಭುಲಿಂಗಯ್ಯ ಎಣ್ಣೆ ಹಚ್ಚಿಸಿಕೊಳ್ಳದ ಬರೀ ಮೈಯಲ್ಲಿ ಚಾಪೆಯ ಮೇಲೆ ಕೂತೇ ಇದ್ದ. ಹೆಂಡತಿ ಏನಾದರೂ ಹೇಳುತ್ತಾಳೆಂದು ಕಾದ. ಅವಳು ಹಿತ್ತಲಿಗೆ ನಡೆದಳು. ಹಾಲು ಕರೆದು ಆಗಿತ್ತು. ಕೊಟ್ಟಿಗೆಯ ಹಿಂದೆ ಹೋಗಿ ಗೋಡೆಗೆ ಬೆನ್ನು ಕೊಟ್ಟಳು.

"ಒಂದು, ಎರಡು..."

ಸ್ವಲ್ಪ ಹೊತ್ತಿಗೆ ಹೆಜ್ಜೆ ಸದ್ದಾಯಿತು. ಶಂಭುಲಿಂಗಯ್ಯ ಹುಲ್ಲಿನ ಬಣವೆ ನೋಡಲು ಬಂದವನಂತೆ ಬಂದು, ಬೇಲಿಯ ಕಡೆ ಹುಚ್ಚಕ್ಕ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅವಳಿಂದ ಎರಡು ಮಾರು ದೂರದಲ್ಲಿ ಗೋಡೆಗೆ ಒರಗಿದ.

"ಗದ್ದ ಹಿಂದಕ್ಕೋ, ಕೆಳಕ್ಕೋ?" ಎಂದು ಗಾಳಿಯನ್ನು ಕೇಳಿದ.

"ಹಿಂದಕ್ಕೆ" ಎಂದು ಅವಳು ಎದುರಿಗಿದ್ದ ತೆಂಗಿನಮರಕ್ಕೆ ಹೇಳಿದಳು. ಎಣಿಕೆಯನ್ನು ಮಾತ್ರ ತುಸು ಗಟ್ಟಿಯಾಗಿ ಶುರು ಮಾಡಿದಳು. ಪಕ್ಕದಿಂದ ಏದುಸಿರು ಕೇಳಿಸಿತು, ಒಂದು ನರಳಾಟ, ಮತ್ತೆ ಏದುಸಿರು. ಅವನು ಸರಿಯಾಗಿ ಮಾಡುತ್ತಿದ್ದಾನೋ ಇಲ್ಲವೋ ತಿರುಗಿ ನೋಡಬಹುದಿತ್ತು. ಅವಳ ಕತ್ತು ಈಗ ಎರಡೂ ಕಡೆ ಸಲೀಸಾಗಿ ತಿರುಗುತ್ತಿತ್ತು. ಅವಳು ನೋಡಲಿಲ್ಲ. ಮರದ ತುದಿಯ ಗೊನೆಯನ್ನು ನೋಡುತ್ತ ಐದರವರೆಗೆ ಎಣಿಸಿ, ಬಿಟ್ಟು, ಮತ್ತೆ ಒಂದರಿಂದ ಶುರು ಮಾಡಿದಳು.